ಹೈವ್‌ನಲ್ಲಿ ಓಟನ್ನು ನಾನು ಖರ್ಚು ಮಾಡುವ ಬಗೆ

ಓದುಗರ ಓಟು ನೋಡಿ ಬರಹಕ್ಕೆ ಕ್ರಿಪ್ಟೋ ಹಣ ಕೊಡುವ ಬ್ಲಾಕ್‌ಚೈನ್ ತಾಣವಾದ ಹೈವ್‌ನಲ್ಲಿ ಬರಹದ ಗುಣಮಟ್ಟವನ್ನು ಅಳೆಯುವ ಯಂತ್ರ ಯಾವುದೂ ಇಲ್ಲ. ಇರುವುದು ಓಟು ಮಾತ್ರ. ಆ ಓಟಿನ ತೂಕವೂ ಹಾಕಿದವರ ಬಳಿ ಇರುವ ಹೈವ್ ಪವರ್‌ಗೆ (ಖಾತೆಯಲ್ಲಿ ಲಾಕ್ ಮಾಡಿಟ್ಟ ಹೈವ್ ಟೋಕನ್‌ಗಳಿಗೆ) ತಕ್ಕಂತೆ. ದೊಡ್ಡ ಕುಳ ಒಮ್ಮೆ ಒತ್ತಿದರೆ ನೂರು ಹೊಸಬರ ಮೆಚ್ಚುಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಕ್ಯುರೇಟರ್ ಆದವರು, ಅಂದರೆ ಒಳ್ಳೆಯ ಪೋಸ್ಟ್ ಹುಡುಕಿ ಓಟು ಹಾಕುವವರು, ರುಚಿಯ ಜೊತೆಗೆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಪೂರ್ತಿ ತೂಕದ ಒಂದು ಓಟಿಗೆ ವೋಟಿಂಗ್ ಪವರ್‌ನ (ಬ್ಯಾಟರಿಯಂತೆ ಖಾಲಿಯಾಗಿ ತುಂಬುವ ಓಟಿನ ಶಕ್ತಿಯ) ಸುಮಾರು 2% ಖಾಲಿಯಾಗುತ್ತದೆ, ದಿನಕ್ಕೆ 20% ಮತ್ತೆ ತುಂಬುತ್ತದೆ. ಅಂದರೆ ದಿನಕ್ಕೆ ಸುಮಾರು 10 ಪೂರ್ತಿ ಓಟು. 100ರಲ್ಲೇ ಬಿಟ್ಟರೆ ತುಂಬುವುದು ನಿಂತು ನಷ್ಟ, ತೀರಾ ಇಳಿಸಿದರೆ ಓಟು ಹಾಕಲು ಪವರ್ ಉಳಿಯುವುದಿಲ್ಲ. ನಾನು 80ಕ್ಕಿಂತ ಕೆಳಗೆ ಬಿಡುವುದಿಲ್ಲ.

ಓಟಿಗೆ ಮೊದಲು ಕಳವಿನ ತಪಾಸಣೆ. ಪೋಸ್ಟಿನ ನಡುವಿನ ಪ್ಯಾರಾದಿಂದ ಎಂಟು-ಹತ್ತು ಪದ ಎತ್ತಿ, ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕುತ್ತೇನೆ. ಕದಿಯುವವರು ಮೊದಲ ಪ್ಯಾರಾವನ್ನು ತಿದ್ದಿರುತ್ತಾರೆ, ನಡುವಿನದನ್ನು ತಿದ್ದುವಷ್ಟು ತಾಳ್ಮೆ ಅಪರೂಪ. ಫೋಟೋ ಇದ್ದರೆ ಚಿತ್ರದಿಂದಲೇ ಹುಡುಕಾಟ. ಬೇರೆ ಭಾಷೆಯಿಂದ ಅನುವಾದಿಸಿ ಹಾಕಿದ್ದು ಹೀಗೆ ಸಿಗುವುದಿಲ್ಲ. ಆಗ ಲೇಖಕರ ಹಳೆಯ ಕಾಮೆಂಟುಗಳನ್ನು ತೆರೆದು ಪೋಸ್ಟಿನ ಭಾಷೆಯ ಪಕ್ಕ ಇಟ್ಟು ನೋಡಬೇಕು. ಅನುಮಾನ ಉಳಿದರೆ ವಿಷಯದ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ಸ್ವತಃ ಬರೆದವರು ಉತ್ತರದಲ್ಲಿ ಪೋಸ್ಟಿನಲ್ಲಿಲ್ಲದ ಏನನ್ನಾದರೂ ಹೇಳಿಯೇ ಹೇಳುತ್ತಾರೆ. ಎಐ ಪತ್ತೆಹಚ್ಚುವ ಸಾಧನಗಳ ಶೇಕಡಾವಾರು ಅಂಕಿಯನ್ನೇ ನಂಬಿ ಯಾರನ್ನೂ ದೂರಬಾರದು.

ಓದಲು ಈಗ ಸಮಯವಿದೆ. ಹಿಂದೆ ಮೊದಲ 5 ನಿಮಿಷದ ಓಟಿಗೆ ದಂಡವಿತ್ತು, ಬಾಟ್‌ಗಳು ಗಡಿಯಾರ ಹಿಡಿದು ಕಾಯುತ್ತಿದ್ದವು. 2021ರಿಂದ ಮೊದಲ 24 ಗಂಟೆಯ ಓಟುಗಳೆಲ್ಲ ಕ್ಯುರೇಟರ್ ಪಾಲಿನ (ಓಟು ಹಾಕಿದವರಿಗೆ ಸಿಗುವ ಹಣದ) ಲೆಕ್ಕದಲ್ಲಿ ಸಮ. 72 ಗಂಟೆಯವರೆಗೆ ಅರ್ಧ, ಆಮೇಲೆ ಎಂಟನೇ ಒಂದು.

7ನೇ ದಿನ ಹಣ ಬಿಡುಗಡೆಯಾಗುತ್ತದೆ: ಅರ್ಧ ಲೇಖಕರಿಗೆ, ಅರ್ಧ ಓಟು ಹಾಕಿದವರಿಗೆ. ಒಟ್ಟು ಮೊತ್ತ 0.02 ಎಚ್‌ಬಿಡಿ (ಡಾಲರ್‌ಗೆ ಹೊಂದಿಸಿದ ಹೈವ್‌ನ ಟೋಕನ್) ಮುಟ್ಟದಿದ್ದರೆ ಇಬ್ಬರಿಗೂ ಸೊನ್ನೆ. ಸಣ್ಣ ಖಾತೆಯವರು ಎಡವುವುದು ಇಲ್ಲೇ. ಎಲ್ಲರಿಗೂ ಸಿಗಲೆಂದು 10% ತೂಕದ ಓಟುಗಳನ್ನು ಚೆಲ್ಲುತ್ತಾರೆ, ಬೇರೆ ಓಟು ಬೀಳದಿದ್ದರೆ ಯಾರಿಗೂ ಏನೂ ಸಿಗುವುದಿಲ್ಲ. ಕೆಲವೇ ಪೋಸ್ಟುಗಳಿಗೆ ಪೂರ್ತಿ ಓಟು ಕೊಡಿ, ಇಲ್ಲವೇ ಕ್ಯುರೇಷನ್ ತಂಡವೊಂದರ ಜೊತೆ ಸೇರಿ ಹಾಕಿ.

ಡೌನ್‌ವೋಟ್‌ಗೆ (ಪೋಸ್ಟಿನ ಹಣ ಇಳಿಸುವ ಓಟಿಗೆ) 25%ರಷ್ಟು ಪ್ರತ್ಯೇಕ ಪವರ್ ಇದೆ, ಅದು ಮುಗಿಯುವವರೆಗೆ ಅಪ್‌ವೋಟ್‌ನದು ಕರಗುವುದಿಲ್ಲ. ಕಳವು ಕಂಡಾಗ ಮೂಲದ ಕೊಂಡಿಯನ್ನು ಕಾಮೆಂಟಿನಲ್ಲಿ ಹಾಕಿಯೇ ಡೌನ್‌ವೋಟ್ ಒತ್ತುತ್ತೇನೆ. ಕಾರಣ ಹೇಳದಿದ್ದರೆ ಸೇಡಿನ ಡೌನ್‌ವೋಟ್ ತಿರುಗಿ ಬರುತ್ತದೆ. 7 ದಿನ ದಾಟಿದ ಮೇಲೆ ಒತ್ತಿದರೆ ಹಣ ಆಗಲೇ ಖಾತೆ ಸೇರಿರುತ್ತದೆ.