ಒಮ್ಮೆ ನಾದಿದ ಹಿಟ್ಟು, ಮೂರು ಹಬ್ಬದ ತಿನಿಸು

ಯಹೂದಿಗಳ ಜಡೆ ಬ್ರೆಡ್ ಹಲ್ಲಾ, ಅವರದೇ ಹನುಕ್ಕಾ ಹಬ್ಬದ, ಕರಿದು ಜಾಮ್ ತುಂಬಿದ ಉಂಡೆ ಸುಫ್ಗಾನಿಯಾ, ಗುಡ್ ಫ್ರೈಡೇಯ ಶಿಲುಬೆ ಗುರುತಿನ ಹಾಟ್ ಕ್ರಾಸ್ ಬನ್. ನಗರದ ಬೇಕರಿಗಳಲ್ಲಿ ಇವು ಈಗ ಹಬ್ಬಕ್ಕಾಗಿ ಕಾಯುವುದಿಲ್ಲ. ನಾನೂ ಮೂರಕ್ಕೂ ಹಲ್ಲಾದ ಹಿಟ್ಟನ್ನೇ ಬಳಸುತ್ತೇನೆ. ಮಾಂಸದೊಂದಿಗೆ ಹಾಲು ಕೂಡದೆಂಬ ಯಹೂದಿ ನಿಯಮದಿಂದಾಗಿ ಅದಕ್ಕೆ ಬೆಣ್ಣೆಯ ಬದಲು ಎಣ್ಣೆ ಬೀಳುತ್ತದೆ. ಹಾಲಿಲ್ಲದ ಹಿಟ್ಟು ಕರಿಯುವಾಗ ಬೇಗ ಕಪ್ಪಾಗುವುದಿಲ್ಲ, ಅದೇ ಅನುಕೂಲ.

ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7, ಸಕ್ಕರೆ 60, ಉಪ್ಪು 8, ಎಣ್ಣೆ 60 ಗ್ರಾಂ, ಮೊಟ್ಟೆ ಎರಡು, ನೀರು 180 ಮಿಲಿ. ಹತ್ತು ನಿಮಿಷ ನಾದಬೇಕು. ಮೊದಮೊದಲು ಕೈಗೆ ಮೆತ್ತಿಕೊಳ್ಳುತ್ತದೆ. ಆಗ ಒಣಹಿಟ್ಟು ಸುರಿದರೆ ಬ್ರೆಡ್ ಮರುದಿನಕ್ಕೆ ಒರಟು. ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ತಣ್ಣನೆಯ ಹಿಟ್ಟನ್ನು ಹೊಸೆಯುವುದು ಸುಲಭ. ಬೆಳಿಗ್ಗೆ ಸುಮಾರು 300 ಗ್ರಾಮಿನ ಮೂರು ಪಾಲು ಮಾಡುತ್ತೇನೆ.

ಹಲ್ಲಾಕ್ಕೆ ಮೂರೆಳೆ ಸಾಕು. ಎಳೆ ಹಿಂದಕ್ಕೆ ಕುಗ್ಗಿದರೆ ಎಳೆದಾಡಬೇಡಿ, ಹತ್ತು ನಿಮಿಷ ಬಿಡಿ. ಜಡೆ ಬಿಗಿಯಾದರೆ ಓವನ್ನಿನಲ್ಲಿ ಪಕ್ಕದಲ್ಲಿ ಸೀಳುತ್ತದೆ. ಉಬ್ಬಿದ ಮೇಲೆ ಮೊಟ್ಟೆ ಸವರಿ 180 ಡಿಗ್ರಿಯಲ್ಲಿ 25 ನಿಮಿಷ.

ಬನ್ನಿನ ಪಾಲಿಗೆ ಒಂದು ಚಮಚ ಚಕ್ಕೆಪುಡಿ, 60 ಗ್ರಾಂ ಒಣದ್ರಾಕ್ಷಿ. ಚಕ್ಕೆ ಯೀಸ್ಟನ್ನು ಮಂದ ಮಾಡುತ್ತದೆ, ಅದಕ್ಕೇ ಈಗ ಸೇರಿಸುವುದು. ನೆನೆಸಿದ ದ್ರಾಕ್ಷಿಯನ್ನು ಬಟ್ಟೆಯಲ್ಲಿ ಒರೆಸದಿದ್ದರೆ ಹಿಟ್ಟು ರಾಡಿ. ಐದು ಉಂಡೆ ಮಾಡಿ, ಉಬ್ಬಿದ ಮೇಲೆ ಮೈದಾ ಮತ್ತು ನೀರು ಸಮತೂಕದಲ್ಲಿ ಕಲಸಿದ ಸರಿಯಿಂದ ಶಿಲುಬೆ ಗುರುತು ಎಳೆದು 190 ಡಿಗ್ರಿಯಲ್ಲಿ 18 ನಿಮಿಷ ಬೇಯಿಸಿ. ಬೆಣ್ಣೆಯ ಘಮ ಇಲ್ಲವೆನ್ನುವವರು ಬನ್ ಸೀಳಿ ಹಚ್ಚಿಕೊಳ್ಳಲಿ.

ಕೈಕೊಡುವುದು ಹೆಚ್ಚಾಗಿ ಸುಫ್ಗಾನಿಯಾ. ಹನುಕ್ಕಾದಲ್ಲಿ ಜೆರುಸಲೇಮಿನ ಯಹೂದಿ ದೇವಾಲಯದ ದೀಪದ ಎಣ್ಣೆಯ ನೆನಪಿಗೆ ಕರಿದ ತಿಂಡಿ ಮಾಡುತ್ತಾರೆ. ಇಲ್ಲಿ ಎಣ್ಣೆಯ ಕಾವೇ ಎಲ್ಲ. 50 ಗ್ರಾಮಿನ ಉಂಡೆಗಳನ್ನು ಒಂದೊಂದು ಬೇಕಿಂಗ್ ಕಾಗದದ ತುಂಡಿನ ಮೇಲಿಡಿ, ಇಲ್ಲವಾದರೆ ಎತ್ತುವಾಗಲೇ ಗಾಳಿ ಇಳಿಯುತ್ತದೆ. ಬೆರಳೊತ್ತಿದ ಗುಳಿ ನಿಧಾನವಾಗಿ ಅರ್ಧ ಮೇಲೆದ್ದರೆ ಹದ. ಫ್ರಿಜ್ಜಿನಿಂದ ತೆಗೆದ ಹಿಟ್ಟಿಗೆ ಇದಕ್ಕೆ ಎರಡು ಗಂಟೆ ಹಿಡಿಯಬಹುದು, ಗಡಿಯಾರಕ್ಕಿಂತ ಬೆರಳನ್ನೇ ನಂಬಿ. ಎಣ್ಣೆ 170 ಡಿಗ್ರಿ, ಪ್ರತಿ ಬದಿಗೆ ಎರಡು ನಿಮಿಷ. 190ಕ್ಕೇರಿದರೆ ಹೊರಗೆ ಕಂದು, ಒಳಗೆ ಹಸಿ. 150ಕ್ಕಿಳಿದರೆ ಎಣ್ಣೆ ಹೀರುತ್ತದೆ. ಹಾಗಾಗಿ ಬಾಣಲೆಗೆ ಒಮ್ಮೆಗೆ ಮೂರೇ. ನಡುವೆ ಬಿಳಿ ಪಟ್ಟಿ ಕಂಡರೆ ಚೆನ್ನಾಗಿ ಉಬ್ಬಿದೆ ಎಂದರ್ಥ. ಜಾಮ್ ತುಂಬುವುದು ಪೂರ್ತಿ ಆರಿದ ಮೇಲೆ. ಬಿಸಿಯಲ್ಲಿ ತುಂಬಿದರೆ ಜಾಮ್ ಕರಗಿ ತಳದಿಂದ ಸೋರುತ್ತದೆ.