ರಸ್ತೆಯಲ್ಲಿ ಜಗಳ ಬಂದರೆ ವಾಹನದಿಂದ ಇಳಿಯದಿರುವುದು ಹೇಗೆ?

ಮುಂದಿನ ಕಾರಿನವನು ಇಂಡಿಕೇಟರ್ ಹಾಕದೆ ಅಡ್ಡ ನುಗ್ಗಿದ. ನೀವು ಹಾರ್ನ್ ಒತ್ತಿದಿರಿ. ಅವನು ಕೈಬೀಸಿ ಏನೋ ಅಂದ. ಇಷ್ಟಕ್ಕೇ ನಿಂತರೆ ನಷ್ಟವೇನಿಲ್ಲ. ಇಬ್ಬರಲ್ಲೊಬ್ಬರು ಬಾಗಿಲು ತೆರೆದು ಕೆಳಗಿಳಿದರೆ ಮಾತು ಕೈಗೆ ಬರುತ್ತದೆ.

1988ರ ಡಿಸೆಂಬರ್ 27ರಂದು ಪಟಿಯಾಲದಲ್ಲಿ ಆದದ್ದೂ ಅದೇ. ರಸ್ತೆಯಲ್ಲಿ ವಾಹನ ನಿಲ್ಲಿಸಿದ ವಿಚಾರಕ್ಕೆ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅವರಿಗೂ 65 ವರ್ಷದ ಹಿರಿಯರೊಬ್ಬರಿಗೂ ಜಗಳವಾಯಿತು. ಪೆಟ್ಟು ತಿಂದ ಹಿರಿಯರು ತೀರಿಕೊಂಡರು. ಹಲ್ಲೆಯ ಅಪರಾಧಕ್ಕೆ 2018ರಲ್ಲಿ ಸಾವಿರ ರೂಪಾಯಿ ದಂಡ ವಿಧಿಸಿದ್ದ ಸುಪ್ರೀಂ ಕೋರ್ಟ್, 2022ರ ಮೇ ತಿಂಗಳಲ್ಲಿ ಅದರ ಜೊತೆಗೆ ಒಂದು ವರ್ಷದ ಜೈಲನ್ನೂ ವಿಧಿಸಿತು. ಕೆಲವು ನಿಮಿಷಗಳ ಜಗಳ ಮೂವತ್ತಮೂರು ವರ್ಷ ಬೆನ್ನು ಬಿಡಲಿಲ್ಲ.

ಮೊದಲು, ಕಾಲು ಗಂಟೆ ಮುಂಚೆ ಹೊರಡಿ. ಹತ್ತು ಕಿಲೋಮೀಟರ್ ದಾರಿಯನ್ನು ಗಂಟೆಗೆ 40ರ ಬದಲು 60ರ ವೇಗದಲ್ಲಿ ಸಾಗಿದರೆ ಉಳಿಯುವುದು ಐದು ನಿಮಿಷ, ಅದೂ ಖಾಲಿ ರಸ್ತೆಯಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಆ ಐದನ್ನೂ ನುಂಗಿ ಇನ್ನಷ್ಟು ಕೇಳುತ್ತದೆ.

ಎರಡನೆಯದಾಗಿ, ಮುಂದಿನ ವಾಹನಕ್ಕೆ ಅಂಟಿಕೊಳ್ಳಬೇಡಿ. 60ರ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಾಲು ಬ್ರೇಕ್ ತಲುಪುವ ಮೊದಲೇ ಅಷ್ಟು ದೂರ ಕಳೆದಿರುತ್ತದೆ. ಮುಂದಿನ ವಾಹನ ದೀಪದ ಕಂಬವೊಂದನ್ನು ದಾಟಿ ಮೂರು ಸೆಕೆಂಡಾದ ಮೇಲೆ ನೀವು ದಾಟಿದರೆ ಸರಿ. ಆ ಜಾಗಕ್ಕೆ ಆಟೊ ನುಗ್ಗುವುದಿಲ್ಲವೇ ಎಂದು ಕೇಳುವಿರಿ. ನುಗ್ಗುತ್ತದೆ. ಮತ್ತೆ ಸ್ವಲ್ಪ ಹಿಂದೆ ಸರಿಯಿರಿ.

ಹಿಂದಿನವನು ಹೈಬೀಮ್ ಹಾಕಿ ಬೆನ್ನಿಗೆ ಬಿದ್ದರೆ ಎಡಕ್ಕೆ ಸರಿದು ದಾರಿ ಬಿಡಿ. ಬುದ್ಧಿ ಕಲಿಸಲೆಂದು ತಟ್ಟನೆ ಬ್ರೇಕ್ ಒತ್ತಬೇಡಿ. ಅವನು ಹಾರ್ನ್ ಹೊಡೆಯುತ್ತಿರುವುದು ಏಕೆಂದು ನಿಮಗೇನು ಗೊತ್ತು? ಒಮ್ಮೆ ನನ್ನ ಹಳೆಯ ಸ್ಕೂಟರಿನ ಹಿಂದೆ ಒಬ್ಬ ಎರಡು ಸಿಗ್ನಲ್‌ವರೆಗೂ ಹಾರ್ನ್ ಬಾರಿಸುತ್ತ ಬಂದ. ಬೈಯಲೆಂದೇ ತಿರುಗಿದೆ. "ಸಾರ್, ಸ್ಟ್ಯಾಂಡ್!" ಎಂದು ನನ್ನ ಸೈಡ್ ಸ್ಟ್ಯಾಂಡ್ ತೋರಿಸಿ ಹೋದ.

ನಿಜವಾಗಿಯೂ ಜಗಳಕ್ಕೇ ಬಂದವನಾದರೆ? ಕಾರಿನ ಗಾಜು ಏರಿಸಿ, ಲಾಕ್ ಮಾಡಿ, ಕಣ್ಣಿಗೆ ಕಣ್ಣು ಕೊಡದೆ ಕೂತಿರಿ. "ತಪ್ಪಾಯಿತು ಸಾರ್" ಎಂದರೆ ನಿಮ್ಮ ಗಂಟೇನೂ ಹೋಗದು. ಹಿಂಬಾಲಿಸಿದರೆ ಮನೆಗೆ ಹೋಗಬೇಡಿ, ವಿಳಾಸ ತೋರಿಸಿದಂತಾಗುತ್ತದೆ. ಪೊಲೀಸ್ ಠಾಣೆಗೋ ಜನರಿರುವ ಪೆಟ್ರೋಲ್ ಬಂಕಿಗೋ ಹೋಗಿ 112ಕ್ಕೆ ಕರೆ ಮಾಡಿ. ದ್ವಿಚಕ್ರ ಸವಾರರಿಗೆ ಮುಚ್ಚಿಕೊಳ್ಳಲು ಬಾಗಿಲಿಲ್ಲ; ಹೆಲ್ಮೆಟ್ ತೆಗೆಯದೆ, ಕೀ ಕಿತ್ತುಕೊಳ್ಳುವಷ್ಟು ಹತ್ತಿರ ಅವನು ಬರುವ ಮೊದಲೇ ಮುಂದೆ ಸಾಗಿ.

ವಾಹನದ ಸಂಖ್ಯೆ, ಜಾಗ, ಸಮಯ ನೆನಪಿಡಿ. ಡ್ಯಾಶ್‌ಕ್ಯಾಮ್ ದೃಶ್ಯವಿದ್ದರೆ ಅಳಿಸಬೇಡಿ. ದಾರಿಗೆ ಅಡ್ಡ ನಿಂತು ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ನಿನಲ್ಲಿ ಅಪರಾಧ. ಕೈ ಮಾಡಿದರೆ 115ನೇ ಸೆಕ್ಷನ್.

ಆದರೆ ನಿಮ್ಮ ವಾಹನ ತಗಲಿ ಯಾರಿಗಾದರೂ ಗಾಯವಾಗಿದ್ದರೆ ಈ ಪಾಠವೆಲ್ಲ ಬದಿಗಿಡಿ. ಆಗ ಇಳಿಯಲೇಬೇಕು, ಚಿಕಿತ್ಸೆಗೆ ವ್ಯವಸ್ಥೆ ಮಾಡಲೇಬೇಕು. ಗುಂಪು ರೊಚ್ಚಿಗೆದ್ದೋ ಕೈಮೀರಿದ ಬೇರೆ ಕಾರಣಕ್ಕೋ ನಿಲ್ಲಲಾಗದ ಸ್ಥಿತಿಯಿದ್ದರೆ ಮಾತ್ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಇದಕ್ಕೆ ವಿನಾಯಿತಿ ಕೊಡುತ್ತದೆ. ಆಗಲೂ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು.