ಓಪಲ್ ಕೊಳ್ಳುವ ಮೊದಲು ಪಕ್ಕದಿಂದ ನೋಡಿ

ಓಪಲ್ ಎಂಬ ರತ್ನದ ಕಲ್ಲು ಕೈಗೆ ಸಿಕ್ಕಾಗ ಮೊದಲು ಮಾಡಬೇಕಾದ ಕೆಲಸ, ಅದನ್ನು ನಿಧಾನವಾಗಿ ಆಚೀಚೆ ವಾಲಿಸಿ ನೋಡುವುದು. ಈಗಷ್ಟೇ ಹಸಿರಿದ್ದ ಜಾಗ ನೀಲಿಯಾಗುತ್ತದೆ, ಅಂಚಲ್ಲಿ ಕೆಂಪು ಕಿಡಿಯೊಂದು ಹೊಳೆದು ಮರೆಯಾಗುತ್ತದೆ. ಓಪಲ್ ಅಂದರೆ ಸಿಲಿಕಾ (ಮರಳಿನಲ್ಲಿರುವ ವಸ್ತು) ಮತ್ತು ಒಂದಿಷ್ಟು ನೀರು, ಅಷ್ಟೇ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗುಂಡುಗಳು ಒಪ್ಪವಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಅವುಗಳ ನಡುವೆ ಹಾದು ಬಣ್ಣಗಳಾಗಿ ಬಿಡಿಸಿಕೊಳ್ಳುತ್ತದೆ. ಕೆಂಪು ಬರಬೇಕಾದರೆ ಗುಂಡುಗಳು ಕೊಂಚ ದೊಡ್ಡವಿರಬೇಕು, ಅದು ಅಪರೂಪ. ಕೆಂಪು ಮಿಂಚುವ ಕಲ್ಲಿಗೆ ಬೆಲೆ ಜಾಸ್ತಿ ಇರುವುದು ಸುಮ್ನೆ ಅಲ್ಲ.

ಅಂಗಡಿಯ ದೀಪವೊಂದನ್ನೇ ನಂಬಬೇಡಿ. ಅಂಥ ಬೆಳಕಲ್ಲಿ ಯಾವ ಓಪಲ್ ಆದರೂ ಚೆಂದವೇ. ಕಿಟಕಿಯ ಹತ್ತಿರ ಹಿಡಿಯಿರಿ, ಆಮೇಲೆ ನೆರಳಿಗೆ ತನ್ನಿ. ಮಂದ ಬೆಳಕಲ್ಲೂ ಬಣ್ಣ ಉಳಿದರೆ ಅದು ಒಳ್ಳೆಯ ಕಲ್ಲು. ಆಸ್ಟ್ರೇಲಿಯಾದ ಲೈಟ್ನಿಂಗ್ ರಿಡ್ಜ್‌ನ ಕಪ್ಪು ಓಪಲ್ ಅಷ್ಟು ದುಬಾರಿಯಾಗಿರುವುದೂ ಇದಕ್ಕೇ: ಕಪ್ಪು ನೆಲದ ಮೇಲೆ ಬಣ್ಣ ಎದ್ದು ಕಾಣುತ್ತದೆ. ಅದೇ ದೇಶದ ಕೂಬರ್ ಪೀಡಿಯ ಬಿಳಿ ಓಪಲ್‌ನಲ್ಲಿ ಅದೇ ಬಣ್ಣ ಮೆತ್ತಗಿರುತ್ತದೆ.

ಇನ್ನು ಮುಖ್ಯವಾದದ್ದು. ಕಲ್ಲನ್ನು ಪಕ್ಕದಿಂದ ನೋಡಿ. ನಡುವೆ ಗೆರೆ ಎಳೆದ ಹಾಗೆ ನೇರವಾದ ಅಂಟಿನ ಗುರುತು ಕಂಡರೆ ಅದು ಡಬ್ಲೆಟ್ ಇರಬಹುದು, ಅಂದರೆ ತೆಳು ಓಪಲ್ ಕೆಳಗೆ ಕಪ್ಪು ತಳ ಅಂಟಿಸಿದ್ದು. ಮೇಲೆ ಗಾಜು ಅಥವಾ ಸ್ಫಟಿಕದ ಮುಚ್ಚಳವೂ ಇದ್ದರೆ ಟ್ರಿಪ್ಲೆಟ್. ಕೊಳ್ಳಬಾರದು ಅಂತಲ್ಲ, ಆದರೆ ಇಡೀ ಓಪಲ್‌ನ ಬೆಲೆ ಕೊಡಬಾರದು, ಅಲ್ವಾ? ಹಿಂಬದಿ ಮುಚ್ಚಿ ಕೂರಿಸಿದ ಒಡವೆಯಲ್ಲಿ ಈ ಗೆರೆ ಕಾಣುವುದೇ ಇಲ್ಲ. ಆಗ ಕೇಳಿ, ಉತ್ತರವನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.

ಇಥಿಯೋಪಿಯಾದ ಓಪಲ್‌ಗಳಲ್ಲಿ ಹೆಚ್ಚಿನವು ನೀರು ಹೀರುತ್ತವೆ. ಒದ್ದೆಯಾದರೆ ಬಣ್ಣ ಮಾಸಿ ಗಾಜಿನಂತಾಗಿಬಿಡುತ್ತವೆ. ಗಾಬರಿ ಬೇಡ, ಒಣಗಿದ ಮೇಲೆ ಸಾಮಾನ್ಯವಾಗಿ ಮೊದಲಿನಂತಾಗುತ್ತವೆ. ಎಣ್ಣೆ, ಸೆಂಟು ಹೀರಿದರೆ ಮಾತ್ರ ಕಲೆ ಉಳಿಯಬಹುದು.

ಉಂಗುರವೋ ಪದಕವೋ? ದಿನಾ ಹಾಕುವುದಾದರೆ ಪದಕ ಅಥವಾ ಓಲೆಯೇ ಸರಿ. ಓಪಲ್‌ನ ಗಡಸುತನ ಮೋಸ್ ಅಳತೆಯಲ್ಲಿ (1ರಿಂದ 10ರವರೆಗಿನ ಗಡಸುತನದ ಅಳತೆ) ಸುಮಾರು 5.5ರಿಂದ 6.5. ಧೂಳಿನಲ್ಲಿರುವ ಸ್ಫಟಿಕದ ಕಣದ್ದು 7, ಅಂದರೆ ಓಪಲ್‌ಗಿಂತ ಗಡಸು. ಹಾಗಾಗಿ ಧೂಳು ಕೂತ ಕಲ್ಲನ್ನು ಒಣ ಬಟ್ಟೆಯಿಂದ ಉಜ್ಜಿದರೂ ಗೀರು ಬೀಳಬಹುದು. ಉಂಗುರವೇ ಬೇಕೆಂದರೆ ಸುತ್ತಲೂ ಲೋಹದ ಅಂಚು ಕಟ್ಟಿದ್ದನ್ನು ಆರಿಸಿ, ಕೆಲಸಕ್ಕೆ ಕೂರುವಾಗ ತೆಗೆದಿಡಿ. ತೊಳೆಯಲು ಅಲ್ಟ್ರಾಸಾನಿಕ್ (ಶಬ್ದದ ಅಲೆಯ) ಯಂತ್ರ, ಬಿಸಿ ಹಬೆ ಎರಡೂ ಬೇಡ. ಸ್ವಲ್ಪವೇ ತೇವವಾದ ಮೆತ್ತನೆ ಬಟ್ಟೆ ಸಾಕು.